ದಿವಂಗತ ಜಮ್‌ಶೇಟ್‌ಜಿ ತಾತಾರವರು

ಬೆಂಗಳೂರಿನಲ್ಲಿ ಮಲ್ಲೇಶ್ವರವನ್ನು ದಾಟಿ ಯಶವಂತಪುರದ ಕಡೆಗೆ ಹೋಗುವಾಗ, ನೂರಾರು ಎಕರೆಗಳ ಮರಗಳ ನೆರಳಿನಲ್ಲಿ ಒಂದು ದೊಡ್ಡ ವಿದ್ಯಾಸಂಸ್ಥೆಯಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ದಾಖಲೆಗಳಲ್ಲಿ ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಊರಿನ ಹಳಬರಿಗೆ ಮಾತ್ರ ಅದು ಎಂದಿಗೂ ತಾತಾ ಇನ್‌ಸ್ಟಿಟ್ಯೂಟು. ಯಾವ ಮಹನೀಯರ ಹೆಸರು ಹೀಗೆ ಜನರ ಬಾಯಲ್ಲಿ ನೆಲೆನಿಂತಿದೆಯೋ ಅವರು ತಮ್ಮ ಹೆಸರನ್ನು ಆ ಸಂಸ್ಥೆಗೆ ಇಡಕೂಡದೆಂದು ಪಟ್ಟುಹಿಡಿದಿದ್ದವರು. ಅದರ ಅಸ್ತಿಭಾರದ ಕಲ್ಲನ್ನು ಸಹ ಕಾಣದೆ ಪರದೇಶದಲ್ಲಿ ದೇಹಬಿಟ್ಟವರು. ಇವೆರಡೂ ಸರ್ವವಿದಿತವಾದ ಸಂಗತಿಗಳು. ಅಷ್ಟಾಗಿ ಪ್ರಚಾರಕ್ಕೆ ಬಾರದ ಮೂರನೆಯದೊಂದುಂಟು: ಅವರು ಮನಸ್ಸಿನಲ್ಲಿ ಕಟ್ಟಿದ್ದ ಸಂಸ್ಥೆಯು ಈಗ ಕಟ್ಟಿ ನಿಂತಿರುವ ಸಂಸ್ಥೆಗಿಂತ ವಿಶಾಲವಾಗಿದ್ದಿತು; ಅದರ ಒಂದು ಅಂಗವನ್ನು ಹುಟ್ಟುವುದಕ್ಕೆ ಮೊದಲೇ ಕತ್ತರಿಸಿಹಾಕಲಾಯಿತು. ಆ ಅಂಗ ಯಾವುದು, ಅದರ ಗತಿ ಏನಾಯಿತು ಎಂಬುದನ್ನು ತಿಳಿಯಬೇಕಾದರೆ ಆ ವರ್ತಕಶ್ರೇಷ್ಠರ ಜೀವಿತವನ್ನು ಮೊದಲಿನಿಂದ ನೋಡಿಕೊಂಡು ಬರಬೇಕು.

ಜಮ್‌ಶೇಟ್‌ಜಿ ನಸರ್‌ವಾನ್‌ಜಿ ತಾತಾರವರು ಹುಟ್ಟಿದುದು ೧೮೩೯ನೆಯ ಇಸವಿ ಮಾರ್ಚಿ ೩ರಂದು, ಗುಜರಾತಿನ ನವಸಾರಿಯಲ್ಲಿ. ನವಸಾರಿಯು ಪಾರ್ಸಿ ಪುರೋಹಿತರ ಊರು. ತಾತಾರವರ ಮನೆತನದವರೂ ತಲೆಮಾರುಗಳಿಂದ ಅಗ್ನಿದೇಗುಲದ ಪೌರೋಹಿತ್ಯದಲ್ಲಿದ್ದವರೇ. ಆ ಕುಲವೃತ್ತಿಯನ್ನು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರಕ್ಕೆ ಕೈಹಾಕಿದವರಲ್ಲಿ ತಂದೆ ನಸರ್‌ವಾನ್‌ಜಿಯವರು ಮೊದಲಿಗರು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗನು ತಂದೆಯ ಬಳಿಗೆ ಬಂದನು. ಮುಂದೆ ಎಲ್ಫಿನ್‌ಸ್ಟನ್ ಕಾಲೇಜನ್ನು ಸೇರಿ ೧೮೫೮ರಲ್ಲಿ ವ್ಯಾಸಂಗ ಮುಗಿಸಿದನು. ಮುಂಬಯಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಆಗ ಇನ್ನೂ ಒಂದು ವರ್ಷ ಕಳೆದಿದ್ದಿತು ಅಷ್ಟೆ. ಕಾಲೇಜಿನಲ್ಲಿ ಹತ್ತಿದ ಓದಿನ ರುಚಿ ಜಮ್‌ಶೇಟ್‌ಜಿಯವರನ್ನು ಸಾಯುವ ತನಕ ಬಿಡಲಿಲ್ಲ. ಗಿರಣಿಯ ಲೆಕ್ಕದಂತೆಯೇ ಗ್ರಂಥವೂ ಅವರಿಗೆ ನಿತ್ಯದ ಸಂಗಾತಿಯಾಗಿದ್ದಿತು.

ಮರುವರ್ಷವೇ ತಂದೆಯ ವ್ಯಾಪಾರವನ್ನು ಬೆಳೆಸುವುದಕ್ಕಾಗಿ ಅವರು ಹಾಂಗ್‌ಕಾಂಗಿಗೆ ಹೋದರು. ಅಲ್ಲಿಗೆ ಇಲ್ಲಿಂದ ಹತ್ತಿ ಹೋಗುತ್ತಿದ್ದಿತು, ಅಫೀಮೂ ಹೋಗುತ್ತಿದ್ದಿತು. ಅಲ್ಲಿಂದ ಚಹ, ರೇಷ್ಮೆ ಮೊದಲಾದವು ಬರುತ್ತಿದ್ದುವು. ಆಗಿನ ಮುಂಬಯಿಯ ದೊಡ್ಡ ವರ್ತಕರಲ್ಲಿ ಅಫೀಮನ್ನು ಮುಟ್ಟದವರು ವಿರಳವೆಂಬುದೂ, ಆ ವ್ಯಾಪಾರಕ್ಕೆ ಸರ್ಕಾರದ್ದೇ ಪೋಷಣೆಯಿದ್ದಿತೆಂಬುದೂ ನಿಜ. ಆದರೂ ಮಹನೀಯರ ಚರಿತ್ರೆಯನ್ನು ಬರೆಯುವವರು ಈ ಪುಟವನ್ನು ಹಾರಿಸಿಬಿಡುವುದು ನಮಗೆ ಸರಿಯೆನಿಸದು. ಮುಂದೆ ವಿದ್ಯೆಗಾಗಿ ಹರಿದ ಹಣದ ಮೂಲದ ಒಂದು ತೊರೆಯಲ್ಲಿ ಚೀಣೀಯರ ಕಣ್ಣೀರೂ ಬೆರೆತಿದ್ದಿತು.

೧೮೬೧ರಲ್ಲಿ ಅಮೆರಿಕಾ ದೇಶದಲ್ಲಿ ಅಂತರ್ಯುದ್ಧ ಹತ್ತಿಕೊಂಡು, ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತುಹೋಯಿತು. ಹಿಂದೂಸ್ಥಾನದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಮುಂಬಯಿಗೆ ಮುಂಬಯಿಯೇ ಷೇರುಗಳ ಹುಚ್ಚಿಗೆ ಒಳಗಾಯಿತು. ೧೮೬೫ರಲ್ಲಿ ಯುದ್ಧ ಮುಗಿದ ವರ್ತಮಾನ ಬಂದಕೂಡಲೇ ಆ ಅರಮನೆ ಕುಸಿದು ಬಿದ್ದಿತು; ಹತ್ತಿಯ ಬೆಲೆಯೊಡನೆ ಬ್ಯಾಂಕುಗಳೂ ಮನೆತನಗಳೂ ಮುಳುಗಿದುವು. ಜಮ್‌ಶೇಟ್‌ಜಿಯವರು ಆಗ ಲಂಡನ್ನಿನಲ್ಲಿದ್ದರು. ಅವರ ಕೈಯಲ್ಲಿದ್ದ ಹುಂಡಿಗಳು ಬರಿಯ ಕಾಗದದ ಚೂರುಗಳಾದುವು. ಇಪ್ಪತ್ತಾರು ವರ್ಷದ ತರುಣರು ತಲೆತಪ್ಪಿಸಿಕೊಳ್ಳದೆ ಸಾಲಕೊಟ್ಟವರ ಮನೆಗಳಿಗೆ ತಾವೇ ಹೋಗಿ ಇದ್ದ ಸ್ಥಿತಿಯನ್ನು ಇದ್ದಂತೆ ತಿಳಿಸಿದರು. ಅವರ ನಡತೆಯನ್ನು ಮೆಚ್ಚಿದ ಸಾಲಿಗರು, ಮುರಿದ ವ್ಯಾಪಾರದ ಲೆಕ್ಕವನ್ನು ತೀರಿಸುವ ಕೆಲಸಕ್ಕೆ ಅವರನ್ನೇ ಸಂಬಳ ಕೊಟ್ಟು ನೇಮಿಸಿಕೊಂಡರು.

ಮುಳುಗಿದ ಮನೆಯನ್ನು ಮೇಲೆತ್ತಿದುದು ಇನ್ನೊಂದು ಯುದ್ಧ. ೧೮೬೮ರ ಅಬಿಸೀನಿಯಾ ದಂಡಯಾತ್ರೆಗೆ ಸಾಮಗ್ರಿ ಒದಗಿಸುವ ಗುತ್ತಿಗೆಯಲ್ಲಿ ನಸರ್‌ವಾನ್‌ಜಿಯವರಿಗೆ ಪಾಲು ದೊರೆತು ಬಹು ಲಾಭ ಬಂದಿತು. ಅದೇ ವರ್ಷ ಜಮ್‌ಶೇಟ್‌ಜಿಯವರು ೨೧,೦೦೦ ರೂಪಾಯಿಗಳ ಮೂಲಧನದಿಂದ ಸ್ವಂತ ವ್ಯಾಪಾರವನ್ನು ತೆರೆದರು. ಮುಂದಿನ ವರ್ಷ ಮುಂಬಯಿಯ ಚಿಂಚ್‌ಪೋಕಳಿಯಲ್ಲಿ ದಿವಾಳಿಯಾಗಿದ್ದ ಎಣ್ಣೆಯ ಗಿರಣಿಯೊಂದನ್ನು ಕೊಂಡು ಹತ್ತಿಯ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷ ನಡೆಸಿ, ಲಾಭಕ್ಕೆ ಮಾರಿದರು. ಅಲ್ಲಿಂದ ಲ್ಯಾಂಕಷೈರಿಗೆ ಹೋಗಿ ನೂಲುವ ನೇಯುವ ಉದ್ಯಮವನ್ನು ಬೇರಿನಿಂದ ಅಭ್ಯಾಸಮಾಡಿಕೊಂಡು ಬಂದರು.

ನಾಗಪುರದ ಗಿರಣಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಗಿರಣಿಯೆಂದರೆ ಮುಂಬಯಿಯಲ್ಲೇ ಆಗಬೇಕೆಂಬುದು ಆ ಕಾಲದ ನಂಬಿಕೆ. ಜಮ್‌ಶೇಟ್‌ಜಿಯವರಾದರೋ ಹತ್ತಿ ಬೆಳೆಯುವ ಸೀಮೆ, ಕಲ್ಲಿದ್ದಲ ಗಣಿ, ರೈಲ್ವೆ, ಸರಕು ಮಾರುವ ಪೇಟೆ ಇವು ನಾಲ್ಕೂ ಹತ್ತಿರ ಕೂಡುವ ಸ್ಥಳವನ್ನು ಹುಡುಕಿ ನಾಗಪುರವನ್ನು ಆರಿಸಿದರು. ಕೊಂಡ ನೆಲ ಜವುಗು. ಅದನ್ನು ತುಂಬಿಸುವುದರಲ್ಲೇ ಬಹಳ ಹಣ ಹೋಯಿತು. ಆ ಊರಿನ ಸಾಹುಕಾರನೊಬ್ಬನು ಚಿನ್ನವನ್ನು ಮಣ್ಣಿನಲ್ಲಿ ಹೂಳುವವರಿಗೆ ತಾನು ಸಾಲ ಕೊಡೆನೆಂದು ಕೈಯಾಡಿಸಿಬಿಟ್ಟನಂತೆ. ಕೆಲವು ವರ್ಷಗಳಾದ ಮೇಲೆ ಅದೇ ಸಾಹುಕಾರನು, ಮಣ್ಣನ್ನು ಚಿನ್ನಮಾಡಿದವರು ಇವರೆಂದು ಒಪ್ಪಿಕೊಂಡನಂತೆ. ೧೮೭೭ರ ಜನವರಿ ೧ರಂದು, ಇಂಗ್ಲೆಂಡಿನ ರಾಣಿಯವರನ್ನು ಹಿಂದೂಸ್ಥಾನದ ಚಕ್ರವರ್ತಿನಿಯೆಂದು ಸಾರಿದ ದಿನವೇ ಗಿರಣಿಯು ಆರಂಭವಾಯಿತು. ಎಂಪ್ರೆಸ್ ಮಿಲ್ ಎಂದೇ ಅದಕ್ಕೆ ಹೆಸರಾಯಿತು. ಈ ಹೆಸರು ನಮಗೆ ರುಚಿಸದಿದ್ದರೆ ಬೇಡ. ಒಂಬತ್ತು ವರ್ಷಗಳ ತರುವಾಯ ಮುಂಬಯಿಯ ಬಳಿ ಕುರ್ಲಾದಲ್ಲಿ ಹಾಳುಬಿದ್ದ ಗಿರಣಿಯೊಂದನ್ನು ಕೊಂಡಾಗ ಅದಕ್ಕೆ ಅವರು ಇಟ್ಟ ಹೆಸರು ಸ್ವದೇಶಿ ಎಂದು. ಬಂಗಾಳದ ಸ್ವದೇಶೀ ಚಳವಳಿಗೆ ಇನ್ನೂ ಸುಮಾರು ಇಪ್ಪತ್ತು ವರ್ಷಗಳಿದ್ದ ಕಾಲವದು.

ಎಂಪ್ರೆಸ್ ಮಿಲ್ಲಿನ ಆಡಳಿತವನ್ನು ಅವರು ಒಪ್ಪಿಸಿದುದು ರೈಲ್ವೆ ಇಲಾಖೆಯಿಂದ ಬಂದ ಬೇಜನ್‌ಜಿ ಮೆಹತಾ ಎಂಬವರಿಗೆ. ಆ ಮನುಷ್ಯರಿಗೆ ನೂಲಿನ ವಿಷಯ ಗೊತ್ತಿರಲಿಲ್ಲ. ಮನುಷ್ಯರ ವಿಷಯ ಚೆನ್ನಾಗಿ ಗೊತ್ತಿದ್ದಿತು. ರಿಂಗ್ ಕದಿರು ಎಂಬ ಹೊಸ ಯಂತ್ರವನ್ನು ಲ್ಯಾಂಕಷೈರಿನವರೇ ಅನುಮಾನದಿಂದ ನೋಡುತ್ತಿದ್ದಾಗ, ನಾಗಪುರದಲ್ಲಿ ಅದನ್ನು ತಂದು ನಡೆಸಿ, ಬಂದ ಫಲವನ್ನು ಅಳೆದು ನೋಡಿ, ಅನಂತರ ವ್ಯಾಪಕವಾಗಿ ಹೂಡಿದರು. ಊಹೆಯನ್ನು ನೆಚ್ಚದೆ ಪರೀಕ್ಷಿಸಿ ನೋಡಬೇಕೆಂಬ ಈ ಬುದ್ಧಿಯೇ ಮುಂದಿನ ದೊಡ್ಡ ಕಾರ್ಯಕ್ಕೆ ಬೀಜವೆಂದು ನಾವು ಭಾವಿಸುತ್ತೇವೆ. ಕೂಲಿಗಾರರ ವಿಷಯದಲ್ಲಿಯೂ ಅವರು ಹೀಗೆಯೇ ನಡೆದುಕೊಂಡರು. ಆಳುಗಳು ಹೇಳದೆ ಕೇಳದೆ ಗೈರುಹಾಜರಾಗುತ್ತಿದ್ದರು. ದಂಡ ಹಾಕುವುದು ಎಲ್ಲ ಗಿರಣಿಗಳ ಪದ್ಧತಿಯಾಗಿದ್ದಿತು. ಇಲ್ಲಿ ಒಳಗಿನ ಗಾಳಿ ತಂಪಾಗುವಂತೆ ಯಂತ್ರಗಳನ್ನು ಇಡಿಸಿದರು, ಬೆಂಕಿ ಆರಿಸುವ ಏರ್ಪಾಡನ್ನು ಮಾಡಿದರು, ೧೮೮೬ರಲ್ಲಿ ನಿವೃತ್ತಿ ನಿಧಿಯನ್ನು ಸ್ಥಾಪಿಸಿದರು, ೧೮೯೫ರಲ್ಲಿ ಅಪಘಾತಕ್ಕೆ ಪರಿಹಾರ ಕೊಡುವುದನ್ನು ಆರಂಭಿಸಿದರು. ಅಪಘಾತ ಪರಿಹಾರವನ್ನು ಈ ದೇಶದಲ್ಲಿ ಕಾನೂನು ಕಡ್ಡಾಯಮಾಡಿದುದು ೧೯೨೩ರಲ್ಲಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುವುದು. ಇದು ದಯೆಯೋ ವ್ಯಾಪಾರದ ಜಾಣತನವೋ ಎಂದು ಕೇಳುವವರುಂಟು. ಎರಡೂ ಆಗಿದ್ದಿತೆಂಬುದೇ ಅದರ ಸ್ವಾರಸ್ಯ. ಮಾಲೀಕನ ಲಾಭಕ್ಕೂ ಕೂಲಿಗಾರನ ಹಿತಕ್ಕೂ ಎಲ್ಲಿಯ ತನಕ ಜೊತೆ, ಎಲ್ಲಿಂದ ಮುಂದೆ ವಿರಸ, ಎಂಬುದು ಊಹೆಯಿಂದ ತೀರ್ಮಾನವಾಗತಕ್ಕ ವಿಷಯವಲ್ಲ, ಅಳೆದು ನೋಡಬೇಕಾದುದು. ಹೀಗೆ ಅಳೆಯುವ ವಿದ್ಯೆಯೇ ಒಂದು ಪ್ರತ್ಯೇಕ ಶಾಸ್ತ್ರವಾಗಬೇಕೆಂದು ಅವರ ಮುಂದಿನ ಯೋಜನೆಯು ಬಯಸಿತು.

ಹಣ ಸೇರಿದ ಮೇಲೆ ಅನ್ನಛತ್ರ ಕಟ್ಟಿಸುವುದು, ಬಾವಿ ತೋಡಿಸುವುದು ನಮ್ಮ ದೇಶದ ಶ್ರೀಮಂತರ ಹಳೆಯ ಸಂಪ್ರದಾಯ. ಜಮ್‌ಶೇಟ್‌ಜಿಯವರ ಅಭಿಪ್ರಾಯ ಬೇರೆಯಾಗಿದ್ದಿತು. ನಿರ್ಗತಿಕರಿಗೆ ಊರುಗೋಲು ಕೊಡುವುದಕ್ಕಿಂತ ಸಮರ್ಥರಾದ ತರುಣರನ್ನು ಮೇಲೆತ್ತಿ ದೇಶಕ್ಕೆ ಉಪಯೋಗವಾಗುವಂತೆ ಮಾಡುವುದೇ ಮೇಲಾದ ದಾನವೆಂದು ಅವರು ತಿಳಿದಿದ್ದರು. ಈ ಮಾತನ್ನು ನಾವು ಅರ್ಧಮಾತ್ರ ಒಪ್ಪುತ್ತೇವೆ. ಹೊಟ್ಟೆಗಿಲ್ಲದವನಿಗೆ ಸಮರ್ಥನು ಓದಿ ಬರುವವರೆಗೆ ಕಾದಿರೆಂದು ಹೇಳಲಾದೀತೆ? ಆದರೂ ಅನ್ನದಾನಿಗಳು ಸಾವಿರವಿದ್ದ ದೇಶದಲ್ಲಿ ಈ ಬಗೆಯ ದಾನಿಗಳು ವಿರಳವಾಗಿದ್ದರೆಂಬುದನ್ನು ಮರೆಯುವಂತಿಲ್ಲ. ೧೮೯೨ರಲ್ಲಿ ಅವರು ಒಂದು ನಿಧಿಯನ್ನು ಏರ್ಪಡಿಸಿ, ಉನ್ನತ ವ್ಯಾಸಂಗಕ್ಕೆ ಪರದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಹಣ ಒದಗಿಸಿದರು. ಮೊದಲು ಪಾರ್ಸಿಗಳಿಗೆಂದು ಆರಂಭವಾದುದು ಎರಡು ಮೂರು ವರ್ಷಗಳಲ್ಲೇ ಎಲ್ಲ ಮತದವರಿಗೂ ತೆರೆಯಿತು. ಮೊದಲ ಫಲಾನುಭವಿಗಳಲ್ಲಿ ವೈದ್ಯವಿದ್ಯೆಗಾಗಿ ಹೊರಟ ಸ್ತ್ರೀಯರೂ ಇದ್ದರೆಂಬುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ.

ಆ ನಿಧಿಯ ನಿಬಂಧನೆಯಲ್ಲಿ ವರ್ತಕನ ವಿವೇಕ ಎದ್ದು ಕಾಣುತ್ತದೆ. ಕೊಟ್ಟುದು ದಾನವಲ್ಲ, ಸಾಲ. ಓದಿ ಬಂದು ಸಂಪಾದಿಸತೊಡಗಿದ ಮೇಲೆ ವಿದ್ಯಾರ್ಥಿಯು ಅದನ್ನು ತೀರಿಸಬೇಕು. ತೀರಿದ ಹಣ ಮುಂದಿನವನಿಗೆ ದೊರೆಯಬೇಕು. ಪಡೆದವನಿಗೆ ಭಿಕ್ಷೆಯ ಅಳುಕಿಲ್ಲ, ನಿಧಿಗೆ ಸವೆತವಿಲ್ಲ. ಆ ಏರ್ಪಾಡು ಇಂದಿಗೂ ನಡೆದುಬಂದಿದೆ. ನಮ್ಮ ತುಮಕೂರು ಸೀಮೆಯಲ್ಲಿ ಹುಟ್ಟಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸಂಶೋಧನೆ ನಡೆಸಿ ಡಾಕ್ಟರ್ ಪದವಿ ಪಡೆದು ಬಂದು ಪರಮಾಣು ವಿಜ್ಞಾನದಲ್ಲಿ ಕೀರ್ತಿವಂತರಾದ ರಾಜಾ ರಾಮಣ್ಣನವರು ತಾತಾ ವಿದ್ಯಾರ್ಥಿಗಳು. ತಿರುವಾಂಕೂರಿನ ಬಡ ಕುಟುಂಬದಲ್ಲಿ ಹುಟ್ಟಿ, ೧೯೯೭ರಲ್ಲಿ ರಾಷ್ಟ್ರಪತಿ ಪದವಿಗೇರಿದ ಕೆ. ಆರ್. ನಾರಾಯಣನ್‌ರವರು ಲಂಡನ್ ಅರ್ಥಶಾಸ್ತ್ರ ವಿದ್ಯಾಲಯದಲ್ಲಿ ಓದಿದುದೂ ಈ ನಿಧಿಯ ನೆರವಿನಿಂದಲೇ. ೨೦೧೩ರ ಕಂಪೆನಿ ಕಾಯಿದೆಯು ದೊಡ್ಡ ಕಂಪೆನಿಗಳು ತಮ್ಮ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕಾರ್ಯಗಳಿಗೆ ವೆಚ್ಚಮಾಡಬೇಕೆಂದು ವಿಧಿಸಿದೆ. ೧೮೯೨ರಲ್ಲಿ ಅಂತಹ ವಿಧಿಯೊಂದೂ ಇರಲಿಲ್ಲ.

ಪರದೇಶಕ್ಕೆ ಕೆಲವರನ್ನು ಕಳುಹಿಸಿದ ಮಾತ್ರಕ್ಕೆ ದೇಶದಲ್ಲಿ ವಿದ್ಯೆ ಹುಟ್ಟಿದಂತಾಗುವುದಿಲ್ಲವೆಂಬುದು ಜಮ್‌ಶೇಟ್‌ಜಿಯವರಿಗೆ ಬಹುಬೇಗ ಹೊಳೆಯಿತು. ನಮ್ಮ ವಿಶ್ವವಿದ್ಯಾನಿಲಯಗಳು ಆಗ ಪರೀಕ್ಷೆ ನಡೆಸುವ ಕಚೇರಿಗಳಾಗಿದ್ದುವು. ಪದವೀಧರನು ಹೊಸ ವಿಷಯವನ್ನು ಶೋಧಿಸುವುದಕ್ಕೆ ಈ ನೆಲದಲ್ಲಿ ಸ್ಥಳವೇ ಇರಲಿಲ್ಲ. ೧೮೯೩ರಲ್ಲಿ ಜಪಾನಿನಿಂದ ಅಮೆರಿಕಾ ಖಂಡಕ್ಕೆ ಹೋಗುವ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರ ಸಹವಾಸ ದೊರೆಯಿತು. ಒಬ್ಬರು ಷಿಕಾಗೋ ಧರ್ಮಸಮ್ಮೇಳನಕ್ಕೆ ಹೊರಟ ಅನಾಮಧೇಯ ಸಂನ್ಯಾಸಿ, ಮತ್ತೊಬ್ಬರು ಹೆಸರುವಾಸಿಯಾದ ಗಿರಣಿಯ ಧಣಿ. ಹಡಗಿನ ಮೇಲಿನ ಮಾತುಗಳು ಧಣಿಯ ಮನಸ್ಸಿನಲ್ಲಿ ಉಳಿದುವು. ಐದು ವರ್ಷಗಳ ಮೇಲೆ, ೧೮೯೮ರ ನವೆಂಬರ್ ೨೩ರಂದು, ಅವರು ಸ್ವಾಮಿಗಳಿಗೆ ಪತ್ರ ಬರೆದು, ಈ ದೇಶದ ವೈರಾಗ್ಯಬುದ್ಧಿಯನ್ನು ವಿಜ್ಞಾನದ ಕಡೆಗೆ ತಿರುಗಿಸುವ ಕಾರ್ಯಕ್ಕೆ ಮುಂದಾಳಾಗಬೇಕೆಂದು ಕೇಳಿಕೊಂಡರು. ಸ್ವಾಮಿಗಳು ಆಗ ಮಠದ ಸ್ಥಾಪನೆಯಲ್ಲಿ ಮುಳುಗಿದ್ದರು. ಆದರೂ ಅವರ ಬಳಗದ ಪ್ರಬುದ್ಧ ಭಾರತ ಪತ್ರಿಕೆಯು ೧೮೯೯ರಲ್ಲಿ ಈ ಯೋಜನೆಯನ್ನು ಬಲವಾಗಿ ಬೆಂಬಲಿಸಿತು. ದಾನವನ್ನು ಧರ್ಮವೆಂದು ಸಾರುವವರೂ ದಾನದ ಹೊಸ ಮಾರ್ಗವನ್ನು ಕಂಡವರೂ ಒಂದೆಡೆ ಕೂಡಿದುದು ಅಪರೂಪವೇ.

ಈ ವೇಳೆಗೆ ಅವರು ತಮ್ಮ ಆಪ್ತರಾದ ಬರ್ಜೋರ್‌ಜಿ ಪಾದಶಹರನ್ನು ಯೂರೋಪು ಅಮೆರಿಕಾಗಳಿಗೆ ಕಳುಹಿಸಿ, ಅಲ್ಲಿಯ ವಿದ್ಯಾಪೀಠಗಳು ಹೇಗೆ ನಡೆಯುತ್ತವೆಂಬುದನ್ನು ನೋಡಿಸಿ ತರಿಸಿದ್ದರು. ವ್ಯಾಸಂಗಕ್ಕಿಂತ ಸಂಶೋಧನೆಗೇ ಮುಖ್ಯಸ್ಥಾನ ಕೊಟ್ಟ ಅಮೆರಿಕಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವು ಪಾದಶಹರ ಮನಸ್ಸನ್ನು ಸೆಳೆಯಿತು. ಅದೂ ಒಬ್ಬ ವರ್ತಕನ ಆಸ್ತಿಯಿಂದ ಹುಟ್ಟಿದುದೇ. ಜಮ್‌ಶೇಟ್‌ಜಿಯವರು ತಮ್ಮ ಆಸ್ತಿಯಲ್ಲಿ ಸುಮಾರು ಅರ್ಧವನ್ನು, ಎಂದರೆ ಮುಂಬಯಿಯಲ್ಲಿದ್ದ ಹದಿನಾಲ್ಕು ಕಟ್ಟಡಗಳನ್ನೂ ನಾಲ್ಕು ನಿವೇಶನಗಳನ್ನೂ, ೩೦ ಲಕ್ಷ ರೂಪಾಯಿ ಬೆಲೆಯವನ್ನು, ಇದಕ್ಕಾಗಿ ತೆಗೆದಿಟ್ಟರು.

ಪಾದಶಹರು ಸಿದ್ಧಪಡಿಸಿದ ಕರಡು ಯೋಜನೆಯಲ್ಲಿ ಮೂರು ಶಾಖೆಗಳಿದ್ದುವು. ಮೊದಲನೆಯದು ವಿಜ್ಞಾನ ಮತ್ತು ಕೈಗಾರಿಕೆಗಳದು. ಎರಡನೆಯದು ವೈದ್ಯಶಾಸ್ತ್ರದ್ದು. ಮೂರನೆಯದು ತತ್ತ್ವಶಾಸ್ತ್ರ ಮತ್ತು ಶಿಕ್ಷಣಗಳದು. ಅದರಲ್ಲಿ ಶಿಕ್ಷಣಪದ್ಧತಿ, ನೀತಿಶಾಸ್ತ್ರ ಮತ್ತು ಮನಶ್ಶಾಸ್ತ್ರ, ಭಾರತದ ಇತಿಹಾಸ ಮತ್ತು ಪ್ರಾಕ್ತನಶಾಸ್ತ್ರ, ಭಾಷಾಶಾಸ್ತ್ರ ಇವುಗಳೊಡನೆ ಅಂಕಿ ಅಂಶ ಮತ್ತು ಅರ್ಥಶಾಸ್ತ್ರಕ್ಕೆ ಒಂದು ಪೀಠವಿರಬೇಕೆಂದು ಹೇಳಿದ್ದಿತು. ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಗಿರಣಿ, ಕಬ್ಬಿಣ, ವಿದ್ಯುಚ್ಛಕ್ತಿಗಳಿಂದ ದೇಶಕ್ಕೆ ಧನ ಬರುವುದೆಂಬುದನ್ನು ಜಮ್‌ಶೇಟ್‌ಜಿಯವರಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಬಂದ ಧನ ಯಾರ ಕೈ ಸೇರುವುದು, ಅದರಿಂದ ಹಳ್ಳಿಯವನಿಗೆ ಏನಾಗುವುದು, ಕೂಲಿ ಎಷ್ಟಿರಬೇಕು, ಎಂಬ ಪ್ರಶ್ನೆಗಳಿಗೂ ರಸಾಯನಶಾಸ್ತ್ರದಷ್ಟೇ ಶ್ರದ್ಧೆಯಿಂದ ಉತ್ತರ ಹುಡುಕಬೇಕೆಂದು ಆ ಕರಡು ಒಪ್ಪಿಕೊಂಡಿದ್ದಿತು. ವರ್ತಕನೊಬ್ಬನು ವರ್ತಕತನವನ್ನೇ ಪರೀಕ್ಷೆಗೆ ಗುರಿಮಾಡುವ ಪೀಠಕ್ಕೆ ತಾನಾಗಿ ಹಣ ಕೊಡಲು ಮುಂದಾದನೆಂಬುದು ೧೮೯೮ರ ಹಿಂದೂಸ್ಥಾನದಲ್ಲಿ ಮಾತ್ರವಲ್ಲ, ಎಲ್ಲಿಯೂ ಸುಲಭವಾಗಿ ಕಾಣುವಂತಹುದಾಗಿರಲಿಲ್ಲ.

ಲಾರ್ಡ್ ಕರ್ಜನ್ನರು ವೈಸರಾಯರಾಗಿ ಮುಂಬಯಿಯಲ್ಲಿ ಇಳಿದ ಮರುದಿನ, ೧೮೯೮ರ ಡಿಸೆಂಬರ್ ೩೧ರಂದು, ಈ ಯೋಜನೆಯು ಅವರ ಮುಂದೆ ಹೋಯಿತು. ಕರ್ಜನ್ನರು ಅದನ್ನು ನೇರವಾಗಿ ತಳ್ಳಿಹಾಕಲಿಲ್ಲ, ಸಂಶಯಗಳಿಂದ ಮುಚ್ಚಿದರು. ಇಂತಹ ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿಗಳು ಬರುವರೆ? ಓದಿದವರಿಗೆ ಉದ್ಯೋಗವೆಲ್ಲಿ? ಇವೇ ಅವರ ಪ್ರಶ್ನೆಗಳು. ತಾತಾರವರು ತಮ್ಮ ಕುಟುಂಬದ ಆಸ್ತಿಯ ವ್ಯವಸ್ಥೆಯನ್ನೂ ದಾನಕ್ಕೆ ಹೆಣೆದು ಅದಕ್ಕೊಂದು ವಿಶೇಷ ಕಾನೂನನ್ನು ಕೋರಿದುದೂ ಸರ್ಕಾರಕ್ಕೆ ಒಪ್ಪಿಗೆಯಾಗಲಿಲ್ಲ. ಆ ಕೋರಿಕೆ ತೊಡಕನ್ನು ಹೆಚ್ಚಿಸಿತೆಂಬುದನ್ನು ಒಪ್ಪಲೇಬೇಕು. ಅವರು ಕಡೆಗೆ ಅದನ್ನು ಕೈಬಿಟ್ಟರು. ಲಂಡನ್ನಿನಿಂದ ಪ್ರಸಿದ್ಧ ರಸಾಯನಶಾಸ್ತ್ರಜ್ಞರಾದ ವಿಲಿಯಂ ರಾಮ್ಸೆಯವರನ್ನು ಕರೆಸಿ ದೇಶವನ್ನು ಸುತ್ತಿಸಲಾಯಿತು. ಅವರು ಬೆಂಗಳೂರನ್ನು ಮೆಚ್ಚಿದರು. ಅನಂತರ ಮೆಲ್‌ಬೋರ್ನಿನ ಮ್ಯಾಸನ್ನರೂ ರೂರ್ಕಿಯ ಕ್ಲಿಬೋರ್ನರೂ ಕೂಡಿದ ಸಮಿತಿಯೊಂದು ಬಂದು ಮತ್ತೊಮ್ಮೆ ಪರಿಶೀಲಿಸಿತು. ಸಮಿತಿಯ ಮೇಲೆ ಸಮಿತಿ, ಕಾಗದದ ಮೇಲೆ ಕಾಗದ. ಈ ಜಗ್ಗಾಟದಲ್ಲಿ ಯೋಜನೆಯು ವರ್ಷವರ್ಷಕ್ಕೆ ಸಣ್ಣದಾಗುತ್ತ ಬಂದು, ಮೂರನೆಯ ಶಾಖೆಯು ಸದ್ದಿಲ್ಲದೆ ಮಾಯವಾಯಿತು. ಉಳಿದುದು ಕೈಗಾರಿಕೆಗೆ ಒದಗುವ ವಿಜ್ಞಾನ. ಸಮಾಜದ ವಿಷಯವಾಗಿ ಪ್ರಶ್ನೆ ಕೇಳುವ ಭಾರತೀಯ ವಿದ್ವಾಂಸರ ತಂಡವೊಂದು ಪರಕೀಯ ಸರ್ಕಾರಕ್ಕೆ ಅಷ್ಟು ಹಿತವಾಗಿ ಕಾಣದಿದ್ದುದರಲ್ಲಿ ಆಶ್ಚರ್ಯವೇನು?

ಮೈಸೂರು ಸಂಸ್ಥಾನದ ಔದಾರ್ಯವನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಜಮ್‌ಶೇಟ್‌ಜಿಯವರಿಗೂ ಬೆಂಗಳೂರಿಗೂ ಅದಕ್ಕೆ ಮೊದಲೇ ನಂಟು ಬೆಳೆದಿದ್ದಿತು. ಜಪಾನಿನ ರೇಷ್ಮೆಯ ಕಸಬನ್ನು ಕಂಡುಬಂದಿದ್ದ ಅವರು, ಮೈಸೂರಿನ ರೇಷ್ಮೆಯನ್ನು ಉತ್ತಮಪಡಿಸಬೇಕೆಂದು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಸಹಾಯದಿಂದ ಬಸವನಗುಡಿಯ ಬಳಿ ಒಂದು ರೇಷ್ಮೆಯ ತೋಟವನ್ನು ಇಡಿಸಿ, ಜಪಾನಿನಿಂದಲೇ ತಜ್ಞರನ್ನು ಕರೆಸಿದ್ದರು. ತಾತಾ ಸಿಲ್ಕ್ ಫಾರಂ ಎಂಬ ಸ್ಥಳನಾಮ ಈಗಲೂ ಉಳಿದಿದೆ. ವಿಜ್ಞಾನ ಸಂಸ್ಥೆಗೆ ಸ್ಥಳವನ್ನು ಹುಡುಕುವಾಗ ಶೇಷಾದ್ರಿ ಅಯ್ಯರವರು ಮುಂದೆ ಬಂದರು. ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಸರ್ಕಾರವು ಕೈಹಿಡಿಯಿತು. ಕಡೆಗೆ ಮೈಸೂರು ಕೊಟ್ಟುದು ೩೭೧ ಎಕರೆ ಭೂಮಿ, ಕಟ್ಟಡ ಮೊದಲಾದವುಗಳಿಗೆ ೫ ಲಕ್ಷ ರೂಪಾಯಿ, ವರ್ಷಂಪ್ರತಿ ೫೦,೦೦೦ ರೂಪಾಯಿ. ಸಾಮ್ರಾಜ್ಯದ ಸರ್ಕಾರವು ಲೆಕ್ಕ ಹಾಕುತ್ತ ಕುಳಿತಿದ್ದಾಗ ದೇಶೀಯ ಸಂಸ್ಥಾನವೊಂದು ನೆಲವನ್ನೇ ಕೊಟ್ಟಿತು.

ಜಮ್‌ಶೇಟ್‌ಜಿಯವರ ಕಡೆಯ ವರ್ಷಗಳ ಇತರ ಉದ್ಯಮಗಳನ್ನು ಎಲ್ಲರೂ ಬಲ್ಲರಾದುದರಿಂದ ಸಂಕ್ಷೇಪವಾಗಿ ಹೇಳುತ್ತೇವೆ. ೧೯೦೩ರ ಡಿಸೆಂಬರಿನಲ್ಲಿ ಮುಂಬಯಿಯ ತಾಜ್‌ಮಹಲ್ ಹೋಟೆಲು ತೆರೆಯಿತು. ಪಶ್ಚಿಮಘಟ್ಟದ ಮಳೆಯ ನೀರಿನಿಂದ ವಿದ್ಯುಚ್ಛಕ್ತಿ ಪಡೆಯುವ ಯೋಚನೆ ಅವರ ಮಕ್ಕಳ ಕಾಲದಲ್ಲಿ ಕೈಗೂಡಿತು. ಕಬ್ಬಿಣದ ಹಂಬಲ ಮಾತ್ರ ಇಪ್ಪತ್ತು ವರ್ಷಗಳ ಹಳೆಯದು. ೧೯೦೨ರಲ್ಲಿ ಅವರು ತಾವೇ ಅಮೆರಿಕಾಕ್ಕೆ ಹೋಗಿ ತಜ್ಞರನ್ನು ಗೊತ್ತುಮಾಡಿ ಬಂದರು. ಕಾರ್ಖಾನೆಯ ಸ್ಥಳ ಇನ್ನೂ ಗೊತ್ತಾಗದಿದ್ದಾಗಲೇ ಹಿರಿಯ ಮಗ ದೊರಾಬ್‌ಜಿಯವರಿಗೆ ಪತ್ರ ಬರೆದು, ಮುಂದೆ ಅಲ್ಲಿ ಹುಟ್ಟುವ ಊರಿನ ಬೀದಿಗಳು ಅಗಲವಾಗಿರಬೇಕು, ಬೇಗ ಬೆಳೆಯುವ ನೆರಳಿನ ಮರಗಳನ್ನು ನೆಡಬೇಕು, ಆಟದ ಬಯಲುಗಳಿಗೂ ಹಿಂದುಗಳ ಮುಸಲ್ಮಾನರ ಕ್ರೈಸ್ತರ ಪೂಜಾಸ್ಥಾನಗಳಿಗೂ ಸ್ಥಳ ಬಿಡಬೇಕು ಎಂದು ತಿಳಿಸಿದ್ದರು. ಕಬ್ಬಿಣದ ಕಾರ್ಖಾನೆಯನ್ನು ನೆನೆಯುವಾಗ ಕೂಲಿಗಾರನ ಮನೆಯ ಮುಂದಿನ ಮರ ನೆನಪಾಗುವ ಧಣಿಗಳು ಎಷ್ಟು ಮಂದಿ?

೧೯೦೪ರ ಮೇ ೧೯ರಂದು, ಚಿಕಿತ್ಸೆಗಾಗಿ ಹೋಗಿದ್ದ ಜರ್ಮನಿಯ ಬಾಡ್ ನೌಹೈಮಿನಲ್ಲಿ, ಅರವತ್ತೈದರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಂಗ್ಲೆಂಡಿನ ಬ್ರೂಕ್‌ವುಡ್ಡಿನಲ್ಲಿ ಅವರ ಸಮಾಧಿಯಿದೆ. ಶೇಷಾದ್ರಿ ಅಯ್ಯರವರು ೧೯೦೧ರಲ್ಲಿಯೂ ವಿವೇಕಾನಂದರು ೧೯೦೨ರಲ್ಲಿಯೂ ಅದಕ್ಕೆ ಮೊದಲೇ ಹೋಗಿಬಿಟ್ಟಿದ್ದರು. ಯೋಜನೆಯನ್ನು ಬಯಸಿದ ಮೂವರಲ್ಲಿ ಒಬ್ಬರೂ ಅದರ ಫಲವನ್ನು ಕಾಣಲಿಲ್ಲ.

ತಂದೆಯ ಮಾತನ್ನು ದೊರಾಬ್‌ಜಿ, ರತನ್‌ಜಿ ಎಂಬ ಮಕ್ಕಳು ಉಳಿಸಿಕೊಂಡರು. ರಾಮ್ಸೆಯವರ ಶಿಷ್ಯರಾದ ಮಾರಿಸ್ ಟ್ರಾವರ್ಸರು ೧೯೦೬ರಲ್ಲಿ ಸಂಸ್ಥೆಯ ನಿರ್ದೇಶಕರಾಗಿ ನೇಮಕವಾದರು. ೧೯೦೯ರ ಮೇ ೨೭ರಂದು ಸರ್ಕಾರದ ಆಜ್ಞೆ ಹೊರಟಿತು. ೧೯೧೧ರ ಫೆಬ್ರವರಿಯಲ್ಲಿ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ತಿಭಾರದ ಶಿಲೆಯನ್ನು ಇಟ್ಟರು. ಅದೇ ವರ್ಷದ ಜುಲೈ ೨೪ರಂದು ಮೊದಲ ವಿದ್ಯಾರ್ಥಿಗಳು ಸೇರಿದರು. ರಸಾಯನಶಾಸ್ತ್ರ, ವಿದ್ಯುಚ್ಛಕ್ತಿ: ಆರಂಭದಲ್ಲಿ ಇದ್ದ ವಿಭಾಗಗಳು ಇವೇ. ದೇಶದ ಅದೃಷ್ಟದಿಂದ ಆ ಮರ ಬೆಳೆದು ದೊಡ್ಡದಾಯಿತು. ಬರುವ ವಿದ್ಯಾರ್ಥಿಗಳಿರುವರೆ ಎಂದು ಕೇಳಿದ ಕರ್ಜನ್ನರಿಗೆ ಕಾಲವೇ ಉತ್ತರ ಹೇಳಿತು.

ಕತ್ತರಿಸಿಹೋದ ಮೂರನೆಯ ಶಾಖೆಯು ಚಿಗುರಿದುದು ಯಾರೂ ನೆನೆಯದ ಕಡೆ. ಕಿರಿಯ ಮಗ ಸರ್ ರತನ್ ತಾತಾರವರು ಉದಾರಿಗಳು. ದಕ್ಷಿಣ ಆಫ್ರಿಕದಲ್ಲಿ ಗಾಂಧಿಯವರು ನಡೆಸುತ್ತಿದ್ದ ಸತ್ಯಾಗ್ರಹ ಹೋರಾಟಕ್ಕೆ ೧೯೦೯ರಿಂದ ಮೊದಲುಗೊಂಡು ಒಟ್ಟು ಒಂದೂಕಾಲು ಲಕ್ಷ ರೂಪಾಯಿಗಳನ್ನು ಕೊಟ್ಟವರು. ಇವರು ೧೯೧೨ರಲ್ಲಿ, ಬಡತನವು ಏಕೆ ಉಂಟಾಗುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಶಾಸ್ತ್ರೀಯವಾಗಿ ಶೋಧಿಸುವುದಕ್ಕಾಗಿ ಲಂಡನ್ ವಿಶ್ವವಿದ್ಯಾನಿಲಯಕ್ಕೆ ವರ್ಷಕ್ಕೆ ೧,೪೦೦ ಪೌಂಡುಗಳಂತೆ ಮೂರು ವರ್ಷ ಕೊಡಲು ಒಪ್ಪಿದರು. ಲಂಡನ್ ಅರ್ಥಶಾಸ್ತ್ರ ವಿದ್ಯಾಲಯದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಹುಟ್ಟಿತು. ಅದಕ್ಕೆ ನಿರ್ದೇಶಕರಾಗಿ ಬಂದವರು ಆರ್. ಹೆಚ್. ಟಾನಿಯವರು, ಸಮಾಜವಾದದ ಕಡೆ ಒಲಿದ ವಿದ್ವಾಂಸರು. ಬಡತನಕ್ಕೆ ಬಡವನ ಗುಣದೋಷಗಳನ್ನು ಹುಡುಕದೆ ಉದ್ಯಮದ ಕಟ್ಟಡವನ್ನೇ ನೋಡಬೇಕೆಂಬುದು ಅವರ ನಿಲುವು. ಗಿರಣಿಯ ಧಣಿಯ ಹಣದಿಂದ ಗಿರಣಿಯ ಧಣಿಗಳನ್ನು ಪ್ರಶ್ನಿಸುವ ಕಾರ್ಯ ನಡೆಯಿತು.

ಟಾನಿಯವರು ಕೈಗೆತ್ತಿಕೊಂಡ ಮೊದಲ ವಿಷಯ ಇಂಗ್ಲೆಂಡಿನಲ್ಲಿ ಸರಪಣಿ ಮಾಡುವ ಕಸಬು. ಆ ಕಸಬಿನ ಕೆಲಸಗಾರರಲ್ಲಿ ಹೆಂಗಸರೇ ಬಹುಮಂದಿ. ಮನೆಯ ಹಿತ್ತಲಿನ ಕುಲುಮೆಯ ಮುಂದೆ ಅತ್ಯಲ್ಪ ಕೂಲಿಗೆ ದುಡಿಯುತ್ತಿದ್ದವರು. ೧೯೦೯ರ ಕಾಯಿದೆಯಿಂದ ಅವರಿಗೆ ಕನಿಷ್ಠ ಕೂಲಿ ಗೊತ್ತಾಗಿದ್ದಿತು. ಕೂಲಿ ಏರಿದರೆ ಕಸಬೇ ಹಾಳಾಗುವುದೆಂದು ಆಗಲೂ ಹೇಳುವವರಿದ್ದರು. ಟಾನಿಯವರು ಲೆಕ್ಕ ತೆಗೆದು ೧೯೧೪ರಲ್ಲಿ ಪ್ರಕಟಿಸಿದ ಪುಸ್ತಕವು ಕೂಲಿ ಏರಿತೆಂದೂ ಹೆದರಿದಂತಹ ಅನಾಹುತ ಆಗಲಿಲ್ಲವೆಂದೂ ತೋರಿಸಿತು. ಮರುವರ್ಷ ದರ್ಜಿಗಳ ಕಸಬಿನ ವಿಚಾರ ಹೊರಬಂದಿತು. ಅದೇ ೧೯೧೫ರಲ್ಲಿ ಬೌಲಿಯವರೂ ಬರ್ನೆಟ್ ಹರ್ಸ್ಟ್‌ರವರೂ ಇಂಗ್ಲೆಂಡಿನ ಕೆಲವು ಊರುಗಳ ಕೂಲಿಗಾರರ ಸಂಸಾರಗಳನ್ನು ಪರೀಕ್ಷಿಸಿ ಬರೆದ ಗ್ರಂಥವೂ ಇದೇ ಪ್ರತಿಷ್ಠಾನದ ನೆರವಿನಿಂದ ಬೆಳಕು ಕಂಡಿತು. ಕೆಲಸವಿಲ್ಲದವರಷ್ಟೇ ಬಡವರೆಂಬ ನಂಬಿಕೆಯನ್ನು ಅದು ಮುರಿಯಿತು. ತಪ್ಪದೆ ದುಡಿಯುವವನೂ ಕೂಲಿ ಸಾಲದೆ ಬಡವನಾಗಿರುವುದನ್ನು ಅಂಕಿಗಳಿಂದ ತೋರಿಸಿತು. ನಾಗಪುರದ ಹಣದಿಂದ ಇಂಗ್ಲೆಂಡಿನ ಬಡತನವನ್ನು ಅಳೆದುದಾಯಿತು. ನಾಗಪುರದ ಬಡತನವನ್ನು ಅಳೆಯುವವರು ಆಗ ಇರಲಿಲ್ಲ. ಇದನ್ನು ಬರೆಯುವಾಗ ನಮ್ಮ ಮನಸ್ಸು ಸ್ವಲ್ಪ ಕಹಿಯಾಗುತ್ತದೆ. ಆದರೆ ತಪ್ಪು ರತನ್‌ರದಲ್ಲ. ಅಂತಹ ಶೋಧಕ್ಕೆ ಸ್ವದೇಶದಲ್ಲಿ ತಂದೆ ಬಯಸಿದ್ದ ಮನೆಯನ್ನು ಕಟ್ಟಲು ಬಿಟ್ಟಿರಲಿಲ್ಲ. ರತನ್‌ರವರು ೧೯೧೮ರಲ್ಲಿ ತೀರಿಕೊಂಡ ಮೇಲೆಯೂ ಅವರ ಆಸ್ತಿಯಿಂದ ಲಂಡನ್ನಿಗೆ ಕೆಲವು ವರ್ಷ ಹಣ ಸಲ್ಲುತ್ತಲೇ ಇದ್ದಿತು.

೧೯೩೬ರಲ್ಲಿ ದೊರಾಬ್‌ಜಿಯವರ ನಿಧಿಯಿಂದ ಮುಂಬಯಿಯಲ್ಲಿ ಸಮಾಜಸೇವೆಯನ್ನು ಶಾಸ್ತ್ರವಾಗಿ ಕಲಿಸುವ ವಿದ್ಯಾಲಯವೊಂದು ತೆರೆಯಿತು. ಅದೇ ಈಗಿನ ತಾತಾ ಸಮಾಜವಿಜ್ಞಾನ ಸಂಸ್ಥೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣಕ್ಕೆ ಅರ್ಥಶಾಸ್ತ್ರವೂ ಸಮಾಜಶಾಸ್ತ್ರವೂ ಬಂದು ಸೇರಿದುದು ೧೯೪೮ರ ಸುಮಾರಿನಲ್ಲಿ, ದೇಶ ಸ್ವತಂತ್ರವಾದ ಸಮಯದಲ್ಲಿ, ಪಾದಶಹರ ಕರಡಿಗೆ ಐವತ್ತು ವರ್ಷ ತುಂಬುವಾಗ. ಆ ವಿಭಾಗವು ಮುಂದೆ ಉದ್ಯಮಗಳ ಆಡಳಿತಶಾಸ್ತ್ರದ ವಿಭಾಗವಾಗಿ ಬೆಳೆದು, ಕೈಗಾರಿಕೆಗೂ ಸಮಾಜಕ್ಕೂ ಇರುವ ಸಂಬಂಧವನ್ನು ಶೋಧಿಸುವವರಿಗೆ ಡಾಕ್ಟರ್ ಪದವಿಗಳನ್ನು ಕೊಡುತ್ತಿದೆ.